‘ಬುದ್ಧಿ’ಯವರ ಹಾಲು: ಅನಿಮಲ್ ಫಾರ್ಮ್ ಯಾರ ಪುಸ್ತಕ?

ಕೂಲಿ ಹೆಚ್ಚಿಸಿ ಅಂತ ಕೇಳಿದರೆ, ಬಗರ್‌ಹುಕುಂ ಜಮೀನಿಗೆ ಪಟ್ಟಾ ಕೊಡಿ ಅಂತ ತಾಲ್ಲೂಕು ಕಚೇರಿ ಮುಂದೆ ಕೂತರೆ, ಕಾರ್ಖಾನೆಯಲ್ಲಿ ಯೂನಿಯನ್ ಕಟ್ಟಿದರೆ, ಓದಿಕೊಂಡ ಮಹಾಶಯನೊಬ್ಬ ಎದುರಾಗಿಯೇ ಆಗುತ್ತಾನೆ. ಅವನ ಕೈಯಲ್ಲೊಂದು ಸಣ್ಣ ಪುಸ್ತಕ ಇರುತ್ತದೆ. “ಆರ್ವೆಲ್‌ನ ಅನಿಮಲ್ ಫಾರ್ಮ್ ಓದಿದೀರೇನ್ರೀ? ಸಮಾನತೆ ಸಮಾನತೆ ಅಂತ ಹೊರಟೋರ ಗತಿ ಏನಾಯ್ತು? ಕೊನೆಗೆ ಹಂದಿಗಳೇ ಯಜಮಾನರಾದವು!” ಅಂತ ನಗುತ್ತಾನೆ. ಆ ನಗುವಿನ ಅರ್ಥ ಇಷ್ಟೇ: ಈಗಿರೋ ಯಜಮಾನರೇ ವಾಸಿ, ತೆಪ್ಪಗೆ ಕೆಲಸ ಮಾಡ್ಕೊಂಡು ಹೋಗಿ. ಇದಕ್ಕೆ ನಮ್ಮ ಕಡೆಯ ಕೆಲವು ಸಂಗಾತಿಗಳು ಕೊಡುವ ಉತ್ತರವೂ ಅಷ್ಟೇ ಸೋಮಾರಿತನದ್ದು. “ಅದು ಸಾಮ್ರಾಜ್ಯಶಾಹಿಗಳ ಪುಸ್ತಕ, ಮುಟ್ಟಬೇಡ.” ಮುಟ್ಟಬೇಡ ಅನ್ನೋ ಮಾತು ನಮ್ಮ ಬಾಯಲ್ಲಿ ಬರಬಾರದು. ಕೇಳಿ ಕೇಳಿ ಸಾಕಾಗಿದೆ.

ಮುಟ್ಟೋಣ. ಮುಟ್ಟಿ, ಒಳಗೇನಿದೆ ನೋಡೋಣ.

ಬರೆದವನು ಯಾರು ಅನ್ನೋದು ಮೊದಲು ಗೊತ್ತಿರಲಿ. ಜಾರ್ಜ್ ಆರ್ವೆಲ್ ಹುಟ್ಟಿದ್ದು 1903ರಲ್ಲಿ, ಬಿಹಾರದ ಮೋತಿಹಾರಿಯಲ್ಲಿ. ಅಪ್ಪ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ನೌಕರ. ಮಗ 1922ರಿಂದ ಐದು ವರ್ಷ ಬರ್ಮಾದಲ್ಲಿ ಸಾಮ್ರಾಜ್ಯದ ಪೊಲೀಸು. ಆ ಕೆಲಸ ಹೇಸಿಗೆ ಹುಟ್ಟಿಸಿ ಬಿಟ್ಟುಬಂದ. 1936ರ ಕೊನೆಗೆ ಸ್ಪೇನಿಗೆ ಹೋಗಿ ಫ್ರಾಂಕೋನ ಫ್ಯಾಸಿಸ್ಟ್ ಸೈನ್ಯದ ವಿರುದ್ಧ ಬಂದೂಕು ಹಿಡಿದ. 1937ರ ಮೇ ತಿಂಗಳಲ್ಲಿ ಗಂಟಲಿಗೇ ಗುಂಡು ಬಿತ್ತು. ಬದುಕಿದ. ಆದರೆ ಅವನಿದ್ದ ಪೌಮ್ ಪಕ್ಷವನ್ನು ಸ್ಟಾಲಿನ್‌ನ ಕಡೆಯವರೇ ‘ಫ್ಯಾಸಿಸ್ಟರ ಏಜೆಂಟರು’ ಅಂತ ಕರೆದು ಬೇಟೆಯಾಡಿದರು. ಅದರ ನಾಯಕ ಆಂದ್ರೂ ನಿನ್‌ನನ್ನು ಹಿಡಿದೊಯ್ದು ಕೊಂದರು. ಆರ್ವೆಲ್ ಮತ್ತವನ ಹೆಂಡತಿ ತಲೆಮರೆಸಿಕೊಂಡು ಗಡಿ ದಾಟಿದರು. ಮುಂದಿನಿಂದ ಫ್ಯಾಸಿಸ್ಟರ ಗುಂಡು, ಹಿಂದಿನಿಂದ ಸಂಗಾತಿಗಳ ಪೊಲೀಸು: ಎರಡನ್ನೂ ಕಂಡವನು ಬರೆದ ಪುಸ್ತಕ ಇದು.

ಸ್ಪೇನಿನ ಬಗ್ಗೆ ಅವನು ಮೊದಲು ಬರೆದದ್ದು ‘ಹೋಮೇಜ್ ಟು ಕ್ಯಾಟಲೋನಿಯಾ’. ಕೆಲಸಗಾರರು ಕೈಗೆ ತೆಗೆದುಕೊಂಡ ಬಾರ್ಸಿಲೋನಾ ನಗರದ ಚಿತ್ರ ಅದರಲ್ಲಿದೆ. ಹೋಟೆಲಿನ ಮಾಣಿ ಗಿರಾಕಿಯ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾನೆ. ಭಕ್ಷೀಸು ಕೊಡುವಂತಿಲ್ಲ. ದೊಡ್ಡವರಿಗೆ ಹೇಳೋ ಸ್ವಾಮಿ, ಧಣಿ ಮುಂತಾದ ಮರ್ಯಾದೆಯ ಮಾತುಗಳೇ ನಗರದಿಂದ ಮಾಯವಾಗಿವೆ. ಎಲ್ಲರೂ ಎಲ್ಲರಿಗೂ ‘ಸಂಗಾತಿ’, ಎಲ್ಲರೂ ‘ನೀನು’. ಧಣಿಗಳ ಜಗಲಿ ಕೆಳಗೆ ಕೈಕಟ್ಟಿ “ಬುದ್ಧೀ...” ಅಂತ ಕೂಗಿದ ಜನಕ್ಕೆ ಈ ಪುಟಗಳು ಏನು ಹೇಳುತ್ತವೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. 1938ರಲ್ಲಿ ಆ ಪುಸ್ತಕದ 1500 ಪ್ರತಿ ಅಚ್ಚಾಯ್ತು. 1950ರಲ್ಲಿ ಅವನು ಸಾಯೋ ಹೊತ್ತಿಗೂ ಅವು ಮಾರಿ ಮುಗಿದಿರಲಿಲ್ಲ. ಅನಿಮಲ್ ಫಾರ್ಮ್ ಬಂದದ್ದು 1945ರ ಆಗಸ್ಟಿನಲ್ಲಿ. ಅದು ಲಕ್ಷ ಲಕ್ಷ ಖರ್ಚಾಯ್ತು. ಕೆಲಸಗಾರರು ಗೆದ್ದ ಕಥೆ ಕೊಳ್ಳೋರಿಲ್ಲದೆ ಗೋದಾಮಿನಲ್ಲಿ ಬಿತ್ತು, ಸೋತ ಕಥೆ ಶಾಲೆಯ ಪಠ್ಯವಾಯ್ತು. ಒಬ್ಬನೇ ಲೇಖಕ, ಎರಡೂ ಒಂದೇ ಮನಸ್ಸಿನ ಪುಸ್ತಕ. ಯಾವುದನ್ನು ಊರಾಚೆ ಇಡಬೇಕು, ಯಾವುದನ್ನು ಮೆರವಣಿಗೆ ಮಾಡಬೇಕು ಅಂತ ನಿರ್ಧರಿಸಿದ್ದು ಮಾರುಕಟ್ಟೆ ಮತ್ತು ಅದರ ಸರ್ಕಾರಗಳು.

ಈಗ ಕಥೆಗೆ ಬರೋಣ. ಕುಡುಕ ಜಮೀನ್ದಾರ ಜೋನ್ಸ್ ಮೇವು ಹಾಕೋದನ್ನು ಮರೆಯುತ್ತಾನೆ. ಹಸಿದ ಪ್ರಾಣಿಗಳು ಅವನನ್ನು ಓಡಿಸುತ್ತವೆ. ಮಾರನೇ ದಿನ ಹಸುಗಳ ಕೆಚ್ಚಲು ಬಿಗಿದಿದೆ, ಹಾಲು ಕರೆಯುತ್ತಾರೆ, ಐದು ಬಕೆಟ್ ಹಾಲು. ಅದನ್ನೇನು ಮಾಡೋದು? ಹಂದಿ ನೆಪೋಲಿಯನ್ ಹಾಲಿನ ಚಿಂತೆ ಬಿಡಿ, ಕೊಯ್ಲಿಗೆ ನಡೀರಿ ಅನ್ನುತ್ತದೆ. ಸಂಜೆ ಬಂದು ನೋಡಿದರೆ ಹಾಲಿಲ್ಲ. ಅದು ಹಂದಿಗಳ ಕಲಗಚ್ಚಿಗೆ ಹೋಗಿದೆ. ಆಮೇಲೆ ತೋಟದಲ್ಲಿ ಉದುರಿದ ಸೇಬುಗಳೂ ಅಲ್ಲಿಗೇ. ಯಾಕೆ ಅಂತ ಕೇಳಿದಾಗ ಸ್ಕ್ವೀಲರ್ ಅನ್ನೋ ಮಾತುಗಾರ ಹಂದಿ ವಿವರಣೆ ಕೊಡುತ್ತದೆ. ನಮಗೇನು ಹಾಲು ಇಷ್ಟವಿಲ್ಲ, ಆದರೆ ನಾವು ಮಿದುಳಿನ ಕೆಲಸ ಮಾಡೋರು, ನಿಮ್ಮ ಒಳ್ಳೇದಕ್ಕೇ ಕುಡೀತೀವಿ, ನಾವು ಸೋತರೆ ಜೋನ್ಸ್ ವಾಪಸ್ ಬರ್ತಾನೆ, ಅದು ಬೇಕಾ?

ಬುದ್ಧಿಯ ಕೆಲಸ ಮಾಡುವವರಿಗೆ ಹಾಲು, ಮೈಯ ಕೆಲಸ ಮಾಡುವವರಿಗೆ ಉಳಿದದ್ದು. ನಮ್ಮ ಸೀಮೆಯಲ್ಲಿ ಯಜಮಾನನಿಗೆ ‘ಬುದ್ಧಿ’ ಅಂತಲೇ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ತಲೆಯಿಂದ ಹುಟ್ಟಿದೋರು, ಕಾಲಿನಿಂದ ಹುಟ್ಟಿದೋರು ಅಂತ ಒಂದು ಪುರಾಣ ಕಟ್ಟಿ ಅದರ ಮೇಲೆ ತುಪ್ಪ ಸುರಿದುಕೊಂಡು ಉಂಡೋರ ನಾಡು ಇದು. ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ಹೇಳಿದ್ದು ಇದನ್ನೇ: ಜಾತಿ ಬರೀ ಕೆಲಸದ ಹಂಚಿಕೆ ಅಲ್ಲ, ಕೆಲಸಗಾರರನ್ನೇ ಮೇಲುಕೆಳಗಾಗಿ ಒಡೆದಿಡುವುದು. ಆರ್ವೆಲ್‌ಗೆ ಜಾತಿಯ ಮೇಲೆ ಬರೆಯುವ ಉದ್ದೇಶ ಇರಲಿಲ್ಲ. ಆದರೆ ಕ್ರಾಂತಿ ಎಲ್ಲಿ ಕೆಡುತ್ತದೆ ಅಂತ ಹುಡುಕುತ್ತಾ ಹೋದವನು ಬೆರಳಿಟ್ಟಿದ್ದು ಮಾತ್ರ ಇಲ್ಲಿಗೇ.

ಈ ಜಾಗವನ್ನು ಹೆಚ್ಚಿನ ಓದುಗರು ದಾಟಿ ಓಡುತ್ತಾರೆ. ಅವರ ಕಣ್ಣು ಇರೋದು ನೆಪೋಲಿಯನ್ ಮತ್ತು ಸ್ನೋಬಾಲ್ ಜಗಳದ ಮೇಲೆ, ಅಂದರೆ ಸ್ಟಾಲಿನ್ ಮತ್ತು ಟ್ರಾಟ್ಸ್ಕಿ ಜಗಳದ ಮೇಲೆ. ಒಳ್ಳೆಯವನು ಸೋತ, ಕೆಟ್ಟವನು ಗೆದ್ದ, ಅದಕ್ಕೇ ಹೀಗಾಯ್ತು ಅಂತ. ಕಥೆ ಹಾಗೆ ಹೇಳೋದಿಲ್ಲ. ಹಾಲು ಮತ್ತು ಸೇಬಿನ ವಿಚಾರದಲ್ಲಿ ಎಲ್ಲ ಹಂದಿಗಳೂ ಒಂದಾಗಿದ್ದವು, ಸ್ನೋಬಾಲ್ ಕೂಡ. 1946ರಲ್ಲಿ ಗೆಳೆಯ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ ಬರೆದ ಕಾಗದದಲ್ಲಿ ಆರ್ವೆಲ್ ಇದನ್ನು ಸ್ಪಷ್ಟ ಮಾಡಿದ್ದಾನೆ. ಕಥೆಯ ತಿರುವು ಅಂದರೆ ಹಂದಿಗಳು ಹಾಲು, ಸೇಬು ಇಟ್ಟುಕೊಂಡ ಗಳಿಗೆ. ಆಗಲೇ ಉಳಿದ ಪ್ರಾಣಿಗಳು ಎದ್ದು ನಿಂತಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ. ಅದರ ಪಕ್ಕದಲ್ಲೇ ಒಂದು ಊರಿನ ಹೆಸರು ಬರೆದ: ಕ್ರಾನ್‌ಸ್ಟಾಟ್.

ಕ್ರಾನ್‌ಸ್ಟಾಟ್ ಪೆಟ್ರೊಗ್ರಾಡ್ ಹತ್ತಿರದ ನೌಕಾನೆಲೆ. 1917ರ ಕ್ರಾಂತಿಯ ಮುಂಚೂಣಿಯಲ್ಲಿದ್ದದ್ದು ಅಲ್ಲಿಯ ನಾವಿಕರು. 1921ರ ಫೆಬ್ರವರಿ ಕೊನೆಗೆ ಅಲ್ಲಿನವರು ಹದಿನೈದು ಬೇಡಿಕೆಗಳ ಪಟ್ಟಿ ಮಾಡಿದರು. ಸೋವಿಯತ್ತುಗಳಿಗೆ ಗುಪ್ತ ಮತದಾನದಿಂದ ಹೊಸ ಚುನಾವಣೆ ಆಗಲಿ; ಕಾರ್ಮಿಕರಿಗೆ, ರೈತರಿಗೆ, ಎಡಪಂಥದ ಬೇರೆ ಪಕ್ಷಗಳಿಗೆ ಮಾತಾಡುವ ಸ್ವಾತಂತ್ರ್ಯ ಇರಲಿ; ಜೈಲಿನಲ್ಲಿರುವ ಸಮಾಜವಾದಿಗಳನ್ನು ಬಿಡಲಿ. ಈ ಪಟ್ಟಿಯಲ್ಲಿ ಒಂಬತ್ತನೆಯದನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ದುಡಿಯುವ ಎಲ್ಲರ ಪಡಿತರವೂ ಸಮನಾಗಿರಬೇಕು, ಆರೋಗ್ಯಕ್ಕೆ ಹಾನಿ ಮಾಡುವ ಕೆಲಸದಲ್ಲಿರುವವರನ್ನು ಬಿಟ್ಟು! ಅಂದರೆ ಯಾರಿಗಾದರೂ ಒಂದು ತುತ್ತು ಹೆಚ್ಚು ಸಿಗೋದಾದರೆ ಅದು ಮೈ ಸವೆಸಿಕೊಂಡು ರೋಗ ಹತ್ತಿಸಿಕೊಳ್ಳೋನಿಗೆ. ಸ್ಕ್ವೀಲರ್‌ನ ವಾದ ಇಲ್ಲಿ ತಲೆಕೆಳಗಾಗಿದೆ. ಈ ಲೆಕ್ಕದಲ್ಲಿ ಹಾಲು ಸಲ್ಲಬೇಕಾದದ್ದು ‘ಬುದ್ಧಿ’ಯವರಿಗಲ್ಲ, ಮ್ಯಾನ್‌ಹೋಲಿಗೆ ಇಳಿಯುವವನಿಗೆ. ಮಾರ್ಕ್ಸ್‌ವಾದದ ದೊಡ್ಡ ದೊಡ್ಡ ಗ್ರಂಥಗಳ ಪಕ್ಕ ಈ ಒಂದು ಸಾಲಿನ ಬೇಡಿಕೆಯನ್ನಿಟ್ಟು ತೂಗಿ ನೋಡಿ.

ಉತ್ತರವಾಗಿ ಬಂದದ್ದು ಕೆಂಪು ಸೈನ್ಯ. ಯುದ್ಧಮಂತ್ರಿ ಟ್ರಾಟ್ಸ್ಕಿ, ದಂಡನಾಯಕ ತುಖಾಚೆವ್‌ಸ್ಕಿ. ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದು ಹೋಗಿ ಮಾರ್ಚ್ 18ರ ಹೊತ್ತಿಗೆ ದಂಗೆ ಅಡಗಿಸಿದರು. ಆ ದಿನ ಪ್ಯಾರಿಸ್ ಕಮ್ಯೂನಿನ ಐವತ್ತನೇ ವರ್ಷದ ದಿನ. 1871ರ ಆ ಕಮ್ಯೂನು ಸರ್ಕಾರಿ ಅಧಿಕಾರಿಗಳ ಸಂಬಳಕ್ಕೆ ಮಿತಿ ಹಾಕಿತ್ತು. ಲೆನಿನ್ 1917ರಲ್ಲಿ ಅದನ್ನೇ ಎತ್ತಿ ಹಿಡಿದು, ಅಧಿಕಾರದಲ್ಲಿರುವವನಿಗೂ ಕೂಲಿಕಾರನ ಸಂಬಳವೇ ಇರಬೇಕು ಅಂತ ಬರೆದಿದ್ದ. 1931ರಲ್ಲಿ ಸ್ಟಾಲಿನ್ ಸಂಬಳದ ಸಮಾನತೆಯೇ ತಪ್ಪು ಅಂತ ಸಾರಿದ. ಗೋಡೆಯ ಮೇಲಿನ ಅಕ್ಷರ ಬದಲಾಗುವುದು ಹೀಗೆ.

ರಷ್ಯಾಕ್ಕೆ ಆಗ ಇದ್ದ ಕಷ್ಟ ಸಣ್ಣದಲ್ಲ. ಅಂತರ್ಯುದ್ಧ, ಒಳಗೆ ನುಗ್ಗಿದ ಪರದೇಶಿ ಸೈನ್ಯಗಳು, ಹಸಿವು. ಜೋನ್ಸ್ ವಾಪಸ್ ಬರ್ತಾನೆ ಅನ್ನೋದೂ ಬರೀ ಬೆದರಿಕೆ ಅಲ್ಲ, ಅವನು ಬಂದೇ ಬರ್ತಾನೆ. 1941ರಲ್ಲಿ ಹಿಟ್ಲರ್ ರೂಪದಲ್ಲಿ ಬಂದ. ಎರಡು ಕೋಟಿಗೂ ಹೆಚ್ಚು ಸೋವಿಯತ್ ಜನ ಸತ್ತರು. ಚಿಲಿಯಲ್ಲಿ 1970ರಲ್ಲಿ ಓಟು ಹಾಕಿಸಿಕೊಂಡೇ ಗೆದ್ದ ಸಮಾಜವಾದಿ ಅಲೆಂದೆ ಯಾರ ಬಾಯನ್ನೂ ಮುಚ್ಚಿಸಲಿಲ್ಲ. 1973ರ ಸೆಪ್ಟೆಂಬರ್ 11ರಂದು ಅವನ ಭವನದ ಮೇಲೆ ಅವನದೇ ವಿಮಾನಪಡೆ ಬಾಂಬು ಹಾಕಿತು. ನಮ್ಮ ಕೆಲವರು ಇದನ್ನು ತೋರಿಸಿ, “ನೋಡಿ, ಸರ್ವಾಧಿಕಾರ ಇಲ್ಲದೆ ಸಮಾಜವಾದ ಉಳಿಯೋಲ್ಲ” ಅಂತಾರೆ. ಪಾಠ ಅದಲ್ಲ. ಚಿಲಿಯ ಕಾರ್ಖಾನೆಗಳಲ್ಲಿ ಕೆಲಸಗಾರರು ತಾವೇ ಸಮಿತಿ ಕಟ್ಟಿಕೊಂಡಿದ್ದರು. 1972ರ ಆಯುಧ ಕಾನೂನಿನಡಿ ಸೈನ್ಯ ನುಗ್ಗಿ ಹುಡುಕಾಡಿದ್ದು ಆ ಕಾರ್ಖಾನೆಗಳನ್ನೇ. ಅಲೆಂದೆಗೆ ಕೊರತೆಯಾದದ್ದು ನೆಪೋಲಿಯನ್ನನ ಒಂಬತ್ತು ನಾಯಿಗಳಲ್ಲ. ಬಾಕ್ಸರ್‌ಗಿಂತ ಸೈನ್ಯದ ಜನರಲ್‌ಗಳನ್ನು ಹೆಚ್ಚು ನಂಬಿದ್ದೇ ಅವನಿಗೆ ಮುಳುವಾಯ್ತು.

ಚಿಲಿಯ ಮಾತು ಬಂದದ್ದಕ್ಕೆ ಇನ್ನೊಂದು. ಬಂಡವಾಳಶಾಹಿ ಅಂದರೆ ಸ್ವಾತಂತ್ರ್ಯ, ಸಮಾಜವಾದ ಅಂದರೆ ಸರ್ವಾಧಿಕಾರ ಅಂತ ಗಿಳಿಪಾಠ ಒಪ್ಪಿಸುವವರು ಪಿನೊಚೆ ಹೆಸರು ಬಂದಾಗ ಕೆಮ್ಮುತ್ತಾರೆ. ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದ, ಕಾಣೆ ಮಾಡಿದ ಆಡಳಿತ ಅದು. ಅಲ್ಲಿ ಯೂನಿಯನ್ನುಗಳ ಸೊಂಟ ಮುರಿದ ಮೇಲೆ ಶಿಕಾಗೋದಲ್ಲಿ ಓದಿ ಬಂದ ಅರ್ಥಶಾಸ್ತ್ರಜ್ಞರು ಮುಕ್ತ ಮಾರುಕಟ್ಟೆ ಕಟ್ಟಿದರು. 1975ರಲ್ಲಿ ಅವರ ಗುರು ಮಿಲ್ಟನ್ ಫ್ರೀಡ್‌ಮನ್ ಹೋಗಿ ಸಲಹೆ ಕೊಟ್ಟು ಬಂದ. ಮಾರುಕಟ್ಟೆ ಮುಕ್ತ, ಮನುಷ್ಯ ಬಂದಿ.

ಆರ್ವೆಲ್‌ಗೆ ಇದು ಗೊತ್ತಿತ್ತು ಅನ್ನೋದಕ್ಕೆ ಪುಸ್ತಕದ ಕೊನೆಯೇ ಸಾಕ್ಷಿ. ಹಂದಿಗಳು ಪಕ್ಕದ ಜಮೀನ್ದಾರರನ್ನು ಊಟಕ್ಕೆ ಕರೆಯುತ್ತವೆ. ಪಿಲ್ಕಿಂಗ್‌ಟನ್ ಎಂಬ ಜಮೀನ್ದಾರ ಎದ್ದು ಹೊಗಳುತ್ತಾನೆ: ಇಡೀ ಸೀಮೆಯಲ್ಲಿ ಅತ್ಯಂತ ಹೆಚ್ಚು ದುಡಿದು ಅತ್ಯಂತ ಕಡಿಮೆ ತಿನ್ನೋ ಆಳುಗಳು ಇಲ್ಲಿವೆ, ನಮಗೇ ಇದು ಮಾದರಿ ಅಂತ. ಇಸ್ಪೀಟು ಆಡುತ್ತಾರೆ, ಇಬ್ಬರೂ ಮೋಸ ಮಾಡುತ್ತಾರೆ. ಕಿಟಕಿಯಾಚೆ ನಿಂತ ಪ್ರಾಣಿಗಳಿಗೆ ಯಾರು ಹಂದಿ, ಯಾರು ಮನುಷ್ಯ ಗೊತ್ತಾಗುವುದಿಲ್ಲ. ಗಮನಿಸಿ: ಹಂದಿಗಳ ಮೇಲೆ ಆರ್ವೆಲ್ ಹೊರಿಸುವ ಅತಿ ದೊಡ್ಡ ಆಪಾದನೆ ಅವು ಬಂಡವಾಳಗಾರರ ಹಾಗೆ ಆದವು ಅನ್ನೋದು! ಹಂದಿ ಕೆಟ್ಟದ್ದು ಅಂತ ಅಳೆಯೋ ಕೋಲೇ ಜಮೀನ್ದಾರ. ಆ ಜಮೀನ್ದಾರನ ವಂಶದವರು ಈ ಪುಸ್ತಕವನ್ನು ತಮ್ಮ ಪ್ರಮಾಣಪತ್ರದಂತೆ ಹಿಡಿದು ತಿರುಗುತ್ತಾರಲ್ಲ, ಏನು ಧೈರ್ಯ!

ಧೈರ್ಯ ಬಂದದ್ದು ಹೇಗೆ ಅಂದರೆ, ಆ ಕೊನೆಯನ್ನೇ ಕತ್ತರಿಸಿ ಬಿಸಾಕಿದರು. 1954ರಲ್ಲಿ ಇಂಗ್ಲೆಂಡಿನ ಹಲಾಸ್ ಮತ್ತು ಬ್ಯಾಚಲರ್ ಈ ಕಥೆಯನ್ನು ಕಾರ್ಟೂನ್ ಸಿನಿಮಾ ಮಾಡಿದರು. ದುಡ್ಡು ಕೊಟ್ಟಿದ್ದು ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಅಂತ ಆಮೇಲೆ ಹೊರಬಿತ್ತು. ಸಿನಿಮಾದ ಕೊನೆಯ ಊಟದ ಮೇಜಿನಲ್ಲಿ ಮನುಷ್ಯರೇ ಇಲ್ಲ, ಹಂದಿಗಳು ಮಾತ್ರ. ಪ್ರಾಣಿಗಳು ಸೇರಿ ಅವುಗಳ ಮೇಲೆ ನುಗ್ಗುತ್ತವೆ, ಅಲ್ಲಿಗೆ ಶುಭಂ. ಆರ್ವೆಲ್ ಸತ್ತು ನಾಲ್ಕು ವರ್ಷವಾಗಿತ್ತು, ಕೇಳೋರಿರಲಿಲ್ಲ. ಸ್ಕ್ವೀಲರ್ ರಾತ್ರಿ ಏಣಿ ಹಾಕಿ ಗೋಡೆಬರಹ ತಿದ್ದಿದ್ದು ಇದಕ್ಕಿಂತ ಭಿನ್ನವೇನಲ್ಲ.

ಆದರೆ ನಮ್ಮ ಎಡಪಂಥವೂ ಈ ಪುಸ್ತಕದ ಮುಂದೆ ತಲೆ ಎತ್ತಿ ನಿಂತಿರಲಿಲ್ಲ. 1944ರಲ್ಲಿ ಎಡ ಪ್ರಕಾಶಕ ವಿಕ್ಟರ್ ಗೊಲಾಂಜ್ ಹಸ್ತಪ್ರತಿಯನ್ನು ತಿರುಗಿಸಿ ಕಳಿಸಿದ, ಸ್ಟಾಲಿನ್ ಮಿತ್ರಪಕ್ಷ ಅಂತ. ಶತ್ರುವಿಗೆ ಸಹಾಯ ಆಗುತ್ತೆ, ಈಗ ಬೇಡ, ಆಮೇಲೆ ನೋಡೋಣ: ಈ ‘ಆಮೇಲೆ’ ನಮಗೂ ಚೆನ್ನಾಗಿ ಗೊತ್ತಿರೋದೇ. ಜಾತಿ ಪ್ರಶ್ನೆ ಎತ್ತಿದಾಗಲೆಲ್ಲ ನಮ್ಮ ಕಾಮ್ರೇಡುಗಳು ಕೊಟ್ಟ ತಾರೀಖೂ ಅದೇ ‘ಆಮೇಲೆ’. ಫೇಬರ್ ಪ್ರಕಾಶನದಿಂದ ಹಸ್ತಪ್ರತಿ ವಾಪಸ್ ಕಳಿಸಿದ ಕವಿ ಟಿ.ಎಸ್. ಎಲಿಯಟ್‌ನ ತರ್ಕ ಇನ್ನೂ ಚೆಂದ. ಹಂದಿಗಳೇ ಎಲ್ಲರಿಗಿಂತ ಬುದ್ಧಿವಂತರಲ್ಲವೇ, ಹಾಗಾಗಿ ಫಾರಂ ನಡೆಸಲು ಅವೇ ತಕ್ಕವು. ಬೇಕಾಗಿರೋದು ಇನ್ನಷ್ಟು ಲೋಕಹಿತದ ಮನಸ್ಸಿನ ಹಂದಿಗಳು ಮಾತ್ರ, ಅಂತ ಬರೆದ. ಗಾಂಧೀಜಿಯ ಧರ್ಮದರ್ಶಿ ಸಿದ್ಧಾಂತಕ್ಕೆ ಇಂಗ್ಲಿಷ್ ಭಾಷ್ಯ ಇದ್ದ ಹಾಗಿದೆ. “ನಮ್ ಧಣಿ ಒಳ್ಳೇವ್ರು” ಅನ್ನೋ ಜೀತದಾಳಿನ ಮಾತನ್ನು ನವ್ಯಕಾವ್ಯದ ಗುರು ಇನ್ನೊಂದು ತುದಿಯಿಂದ ಆಡಿದ್ದಾನೆ.

ನಮ್ಮ ನೆಲದಲ್ಲೂ ಒಂದು ಗೋಡೆಬರಹ ಇದೆ. ಸಂವಿಧಾನದ ಪ್ರಸ್ತಾವನೆಯಲ್ಲಿ ‘ಸಮಾಜವಾದಿ’ ಅನ್ನೋ ಮಾತು ಬಂದದ್ದು ಯಾವಾಗ? 1976ರಲ್ಲಿ, 42ನೇ ತಿದ್ದುಪಡಿಯಲ್ಲಿ, ತುರ್ತುಪರಿಸ್ಥಿತಿಯ ನಡುಮಧ್ಯೆ. ವಿರೋಧಪಕ್ಷದವರು ಜೈಲಿನಲ್ಲಿ, ಪತ್ರಿಕೆಗಳ ಮೇಲೆ ಸೆನ್ಸಾರ್. ‘ಸಂಸ್ಕಾರ’ ಸಿನಿಮಾದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಆ ತುರ್ತುಪರಿಸ್ಥಿತಿಯನ್ನು ಸಿಪಿಐ ಬೆಂಬಲಿಸಿತ್ತು. 2024ರ ನವೆಂಬರಿನಲ್ಲಿ ಆ ಪದವನ್ನು ತೆಗೆಸಬೇಕು ಅಂತ ಹೋದವರ ಅರ್ಜಿಗಳನ್ನು ಸುಪ್ರೀಂ ಕೋರ್ಟು ವಜಾ ಮಾಡಿತು. ಪದ ಉಳಿಯಿತು. ಹಾಲು ಎಲ್ಲಿ ಹೋಯ್ತು ಅನ್ನೋ ಪ್ರಶ್ನೆ ಕೋರ್ಟಿನ ಮುಂದೆ ಇರಲಿಲ್ಲ.

ಇಲ್ಲಿ ಹಟ್ಟಿಯಿಂದ ಒಂದು ಮಾತು ಏಳುತ್ತದೆ, ಅದನ್ನು ನಾನು ತಳ್ಳಿಹಾಕಲಾರೆ. “ನಿಮ್ಗೆ ಎಮರ್ಜೆನ್ಸಿ ಅಂದ್ರೆ ಎರಡು ವರ್ಷ ಕಣಪ್ಪಾ, ನಮ್ಗೆ ಯಾವಾಗ ಇರ್ಲಿಲ್ಲ? ಜೀತ ರದ್ದಾಗಿದ್ದು ಆಗ್ಲೇ ಅಲ್ವಾ?” ನಿಜ, 1975ರ ಅಕ್ಟೋಬರಿನ ಸುಗ್ರೀವಾಜ್ಞೆ ಜೀತವನ್ನು ನಿಷೇಧಿಸಿತು. ಕರ್ನಾಟಕದಲ್ಲಿ ದೇವರಾಜ ಅರಸರ ಭೂಸುಧಾರಣೆಯ ಅರ್ಜಿಗಳೂ ಆ ದಿನಗಳಲ್ಲಿ ವಿಚಾರಣೆಗೆ ಬಂದವು. ಆದರೆ ಆ ಕಾನೂನು ಭೂಮಿ ಕೊಟ್ಟಿದ್ದು ಗೇಣಿದಾರನಿಗೆ. ಗೇಣಿಗೂ ಗತಿ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ಹೊಲಗೇರಿ, ಮಾದಿಗರ ಕೇರಿಗಳಿಗೆ ಅರ್ಜಿ ಹಾಕೋಕೆ ಏನಿತ್ತು? ಅದೇ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದವು. ಲಾರಿಗೆ ತುಂಬಿಕೊಂಡು ಹೋಗಿದ್ದು ಬಡವರನ್ನೇ. ಮೇಲಿನವನು ಕೊಟ್ಟ ಕೈಯಲ್ಲೇ ಕಿತ್ತುಕೊಂಡಾಗ ಯಾಕೆ ಅಂತ ಕೇಳೋ ಬಾಯಿ ಬೇಕಲ್ಲ, ಅದನ್ನು ಹೊಲಿದಿದ್ದರು. ಹಟ್ಟಿಗೆ ಎಮರ್ಜೆನ್ಸಿ ಹಳೇದು ಅನ್ನೋದು ಸತ್ಯ. ಹಾಗಂತ ಊರಿಗೂ ಅದೇ ಬರಲಿ ಅಂತ ಹಾರೈಸೋದರಿಂದ ಹಟ್ಟಿಗೇನೂ ಸಿಗೋದಿಲ್ಲ.

ಆರ್ವೆಲ್‌ನ ಮೇಲೂ ನನ್ನ ತಕರಾರುಗಳಿವೆ. ಬಾಕ್ಸರ್ ಎಂಬ ಕುದುರೆ ದುಡಿದು ದುಡಿದು ಬಿದ್ದಾಗ ಹಂದಿಗಳು ಅದನ್ನು ಕಟುಕನಿಗೆ ಮಾರಿ ವಿಸ್ಕಿ ತರಿಸಿಕೊಳ್ಳುತ್ತವೆ. ಓದಿದವರೆಲ್ಲ ಅಳುವ ಜಾಗ. ಆ ಗಾಡಿಯ ಮೇಲೆ ಕುದುರೆ ಕಡಿಯೋನು, ಅಂಟು ಕಾಯಿಸೋನು ಅಂತ ಬರೆದಿದೆ. ಸತ್ತದ್ದನ್ನು ಹೊತ್ತು, ಸುಲಿದು, ಚರ್ಮ ಹದ ಮಾಡಿ ಬದುಕಿದ ಕುಲದಲ್ಲಿ ಹುಟ್ಟಿದವನಿಗೆ ಆ ಗಾಡಿ ನೋಡಿದರೆ ಬೇರೆಯೇ ಏನೋ ಆಗುತ್ತದೆ. ಆರ್ವೆಲ್‌ಗೆ ಅವನು ಬರೀ ಸಾವಿನ ಗುರುತು, ಮುಖವೇ ಇಲ್ಲ. ಅವನಿಗೆ ಎಷ್ಟು ಕೂಲಿ, ಅವನನ್ನು ಆ ಕೆಲಸಕ್ಕೆ ಹಚ್ಚಿದೋರು ಯಾರು? 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದ ದಲಿತ ಹುಡುಗರನ್ನು ಕಟ್ಟಿ ಬಡಿದರು. ಆಮೇಲೆ ಅಲ್ಲಿಯ ದಲಿತರು ಹೆಣ ಎತ್ತೋದಿಲ್ಲ, ನೀವೇ ಎತ್ತಿಕೊಳ್ಳಿ ಅಂತ ನಿಂತರು. ಹಾಗೆ ಎದ್ದು ನಿಂತ ಒಂದು ಪಾತ್ರವೂ ಈ ಪುಸ್ತಕದಲ್ಲಿ ಉಳಿಯೋದಿಲ್ಲ. ಮೊಟ್ಟೆ ಕೊಡೋದಿಲ್ಲ ಅಂತ ಕೋಳಿಗಳು ಹಠ ಹಿಡಿಯುತ್ತವೆ, ಒಂಬತ್ತು ಸಾಯುತ್ತವೆ, ಎರಡು ಪ್ಯಾರಾದಲ್ಲಿ ಅದು ಮುಗಿಯುತ್ತದೆ. ಇನ್ನು ಹಂದಿಯನ್ನೇ ಯಾಕೆ ಆರಿಸಿದ ಅನ್ನೋದು: ಅದು ಇಂಗ್ಲಿಷರ ಬೈಗುಳ. ಹಂದಿ ಸಾಕಿ ಹೊಟ್ಟೆ ಹೊರೆಯೋ ಕೊರಚರ ಕೇರಿಯಲ್ಲಿ ಈ ಕಥೆ ಹೇಳಿದರೆ, ಪಾಪ ಹಂದಿಗೆ ಯಾಕೆ ಈ ಅಪವಾದ ಅಂತ ಕೇಳಿಯಾರು.

1949ರಲ್ಲಿ ಅವನು ಇನ್ನೂ ಕೆಟ್ಟ ಕೆಲಸವೊಂದನ್ನು ಮಾಡಿದ. ಕಮ್ಯುನಿಸ್ಟರ ಕಡೆ ಒಲವಿರಬಹುದು ಅಂತ ತನಗೆ ಅನುಮಾನ ಇದ್ದ 38 ಜನರ ಹೆಸರನ್ನು ಬ್ರಿಟಿಷ್ ವಿದೇಶಾಂಗ ಇಲಾಖೆಯ ಪ್ರಚಾರ ವಿಭಾಗಕ್ಕೆ ಬರೆದುಕೊಟ್ಟ. ಕ್ಷಯದಿಂದ ಸಾಯುತ್ತಿದ್ದ ಅಂತ ಸಮಜಾಯಿಷಿ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಬರ್ಮಾದಲ್ಲಿ ಬಿಟ್ಟುಬಂದ ಪೊಲೀಸು ಅಷ್ಟು ಸುಲಭಕ್ಕೆ ಹೋಗಿರಲಿಲ್ಲ.

ಆರ್ವೆಲ್ ನಿಲ್ಲಿಸಿದ ಕಡೆಯಿಂದ ಮುಂದೆ ಹೋಗಲು ನಮಗೆ ಅಂಬೇಡ್ಕರ್ ಬೇಕು. 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಅವರ ಪ್ರಸ್ತಾಪ ಹೀಗಿತ್ತು: ಭೂಮಿ, ಮುಖ್ಯ ಕೈಗಾರಿಕೆ, ವಿಮೆ ಎಲ್ಲ ಸರ್ಕಾರದ್ದಾಗಲಿ, ಊರವರು ಜಾತಿಭೇದವಿಲ್ಲದೆ ಒಟ್ಟಾಗಿ ಉಳಲಿ, ಜಮೀನ್ದಾರ, ಗೇಣಿದಾರ, ಭೂಹೀನ ಕೂಲಿ ಮೂವರೂ ಇರದಿರಲಿ. ಆದರೆ ಇದು ಸರ್ವಾಧಿಕಾರಿಯ ಕೈಯಿಂದ ಬೇಡ, ಸಂವಿಧಾನದಲ್ಲೇ ಬರೆದಿಡೋಣ, ಸಂಸತ್ತೂ ಇರಲಿ. 1949ರ ನವೆಂಬರ್ 25ರ ಭಾಷಣದಲ್ಲಿ, ರಾಜಕೀಯದೊಳಗಿನ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂತ ಎಚ್ಚರಿಸಿದರು. 1956ರ ‘ಬುದ್ಧನೋ ಕಾರ್ಲ್ ಮಾರ್ಕ್ಸೋ’ ಬರಹದಲ್ಲಿ ಕಮ್ಯುನಿಸ್ಟರನ್ನು ನೇರವಾಗಿ ಕೇಳಿದರು, ನಿಮ್ಮ ಸರ್ವಾಧಿಕಾರ ಮುಗಿಯೋದು ಯಾವಾಗ? ಖಾಸಗಿ ಆಸ್ತಿ ಹೋಗಬೇಕು ಅನ್ನೋದರಲ್ಲಿ ಅವರಿಗೆ ಮಾರ್ಕ್ಸ್ ಜೊತೆ ಜಗಳವಿಲ್ಲ. ಭಿಕ್ಷು ಸಂಘವನ್ನು ತೋರಿಸಿ, ಆಸ್ತಿಯಿಲ್ಲದ ಬದುಕನ್ನು ಬುದ್ಧ ಬಲಾತ್ಕಾರವಿಲ್ಲದೆ ಕಟ್ಟಿದ ಅನ್ನುತ್ತಾರೆ.

ಅವರ ಈ ಯೋಜನೆಗೂ ಹಾಲಿನ ಪ್ರಶ್ನೆ ಕೇಳಲೇಬೇಕು. ಭೂಮಿ ಸರ್ಕಾರದ್ದಾಯ್ತು, ಎಲ್ಲರೂ ಕೂಡಿ ಉತ್ತರು ಅನ್ನೋಣ. ಸಂಘದ ಸೆಕ್ರೆಟರಿ ಯಾರು? ನಮ್ಮ ಊರುಗಳ ಸಹಕಾರ ಸಂಘದ ಲೆಕ್ಕದ ಪುಸ್ತಕ ಯಾರ ಮನೆಯ ಬೀರುವಿನಲ್ಲಿರುತ್ತೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಈ ಕಥೆಯಲ್ಲಿ ನನಗೆ ನೆಪೋಲಿಯನ್‌ಗಿಂತ ದೊಡ್ಡ ವಿಷಯ ಅಕ್ಷರ. ಬಾಕ್ಸರ್ ನಾಲ್ಕನೇ ಅಕ್ಷರ ದಾಟಿ ಕಲಿಯಲಾಗಲಿಲ್ಲ. ಕ್ಲೋವರ್‌ಗೆ ಗೋಡೆಯ ಮೇಲೇನೋ ಬದಲಾಗಿದೆ ಅಂತ ಅನುಮಾನ, ಆದರೆ ಆಡನ್ನು ಕರೆದು ಓದಿಸಬೇಕು. ಹಂದಿಯಷ್ಟೇ ಚೆನ್ನಾಗಿ ಓದಬಲ್ಲ ಕತ್ತೆ ಬೆಂಜಮಿನ್ ಇದ್ದಾನೆ, ಎಲ್ಲ ಗೊತ್ತಿದ್ದೂ ಬಾಯಿ ಬಿಡೋಲ್ಲ. ಬಾಕ್ಸರ್‌ನನ್ನು ಗಾಡಿಗೆ ಹತ್ತಿಸಿದ ಮೇಲೆ ಓಡಿಬಂದು ಗಾಡಿಯ ಬರಹ ಓದುತ್ತಾನೆ. ನಮ್ಮ ವಿಶ್ವವಿದ್ಯಾಲಯಗಳ ಸಾಹಿತಿಗಳಲ್ಲಿ ಎಷ್ಟು ಜನ ಬೆಂಜಮಿನ್‌ಗಳಿದ್ದಾರೆ ಅಂತ ಎಣಿಸೋ ಕೆಲಸ ಓದುಗರಿಗೇ ಬಿಡ್ತೀನಿ.

ಕೊನೆಗೆ ಈ ಪುಸ್ತಕದ ಒಂದು ಆವೃತ್ತಿಯ ಸುದ್ದಿ. 1947ರಲ್ಲಿ ಉಕ್ರೇನಿ ಭಾಷೆಗೆ ಅನುವಾದವಾಯ್ತು. ಓದುಗರು ಯುದ್ಧದಲ್ಲಿ ಮನೆಮಠ ಕಳಕೊಂಡು ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿದ್ದ ಜನ. ಅವರಿಗಾಗಿ ಆರ್ವೆಲ್ ದುಡ್ಡು ತಗೊಳ್ಳದೆ ಒಂದು ಮುನ್ನುಡಿ ಬರೆದುಕೊಟ್ಟ. ಸಮಾಜವಾದಿ ಚಳುವಳಿ ಮತ್ತೆ ಚಿಗುರಬೇಕಾದರೆ ಸೋವಿಯತ್ ಬಗೆಗಿನ ಸುಳ್ಳನ್ನು ಒಡೆಯಲೇಬೇಕು ಅನ್ನೋದು ಅದರ ತಾತ್ಪರ್ಯ. ಅಮೆರಿಕದ ಸೈನ್ಯ ಸಾವಿರಕ್ಕೂ ಹೆಚ್ಚು ಪ್ರತಿಗಳನ್ನು ವಶಪಡಿಸಿಕೊಂಡಿತು. ವಶಪಡಿಸಿಕೊಂಡು ಸೋವಿಯತ್ ಅಧಿಕಾರಿಗಳ ಕೈಗೆ ಒಪ್ಪಿಸಿತು.